ಇತಿಹಾಸದ ಮಾಸ್ತರರು ಮತ್ತು ಚಂದ್ರನ ರಜೆ

ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಆರಂಭವಾದದ್ದು 1891ರಲ್ಲಿ. ಆಗ ಊರಿಗೆ ರೈಲು ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನವರೂ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಜೆಸುವಿಟ್ ಪಾದ್ರಿಗಳೂ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದ್ದ ಊರಿನಲ್ಲಿ, ಊರವರೇ ಕಟ್ಟಿ ನಡೆಸುವ ಹೈಸ್ಕೂಲೊಂದು ಬೇಕೆಂದು ಮುಂದೆ ಬಂದವರು ಮೂಲ್ಕಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದ ಅಮ್ಮೆಂಬಳ ಸುಬ್ಬರಾವ್ ಪೈಯವರು. ಹುಡುಗಿಯರಿಗಾಗಿ ಅವರು 1894ರಲ್ಲಿ ಬೇರೆಯೇ ಶಾಲೆ ತೆರೆದರು. ಹಾಗಾಗಿ ನಮ್ಮ ತರಗತಿಯಲ್ಲಿ ನಾವು ಹುಡುಗರೇ ಇದ್ದೆವು.

ಇಷ್ಟನ್ನು ಯಾವ ಪುಸ್ತಕವನ್ನೂ ತೆರೆಯದೆ ನಾನು ಇಂದು ಬರೆಯಬಲ್ಲೆನಾದರೆ, ಅದು ಕಳೆದ ಮಳೆಗಾಲದಲ್ಲಿ ನಮ್ಮನ್ನು ಅಗಲಿದ ಇತಿಹಾಸದ ಮಾಸ್ತರರ ಕೃಪೆ. ಬಿಳಿ ಪಂಚೆ, ಮುಚ್ಚುಕೊರಳಿನ ಕೋಟು, ಕಂಕುಳಲ್ಲಿ ಉದ್ದ ಹಿಡಿಯ ಕೊಡೆ, ಇದು ಅವರ ವೇಷ. ಅವರು ನೋಟ್ಸ್ ಬರೆಯಿಸಿದವರಲ್ಲ, ಬೆತ್ತ ಹಿಡಿದವರೂ ಅಲ್ಲ. ಒಂದು ಇಸವಿಯನ್ನು ಹಲಗೆಯ ಮೇಲೆ ಬರೆದು, ಆ ವರ್ಷ ನಮ್ಮ ಊರಿನಲ್ಲಿ ಏನು ನಡೆಯಿತೆಂದು ಹೇಳಿ, ನಮ್ಮ ನಮ್ಮ ಮನೆಯವರು ಆಗ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ತರಲು ಹೇಳುವುದು ಅವರ ಕ್ರಮವಾಗಿತ್ತು. 1894 ಎಂದರೆ ಹುಡುಗಿಯರ ಶಾಲೆ ಮಾತ್ರವಲ್ಲ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಇದೇ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ವರ್ಷವೂ ಹೌದು. ಆ ವರ್ಷಕ್ಕೆ ಉತ್ತರವಾಗಿ ಒಬ್ಬ ಸಹಪಾಠಿ ತನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದರೆಂದು ಹೇಳಿದ. ಇನ್ನೊಬ್ಬನ ಮನೆಯವರು ಭಟ್ಕಳದಿಂದ ಮಂಜಿಯಲ್ಲಿ ಬಂದಿಳಿದಿದ್ದರು. ಮಾಸ್ತರರು ಇವನ್ನೆಲ್ಲ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮ ಮನೆಯ ಮಾತನ್ನು ಒಬ್ಬ ವಿದ್ವಾಂಸರು ಬರೆದುಕೊಳ್ಳುತ್ತಾರೆಂಬುದು ಆ ವಯಸ್ಸಿನಲ್ಲಿ ನಮಗೆ ಎಂತಹ ಗೌರವವಾಗಿತ್ತೆಂದು ಹೇಗೆ ಹೇಳಲಿ!

1969ರ ಜುಲೈ 21, ಸೋಮವಾರ. ಮನುಷ್ಯನು ಚಂದ್ರನ ನೆಲದ ಮೇಲೆ ಕಾಲಿಟ್ಟಾಗ ನಮ್ಮಲ್ಲಿ ಬೆಳಿಗ್ಗೆ ಸುಮಾರು ಎಂಟೂವರೆ ಗಂಟೆ. ಜಡಿಮಳೆಯಲ್ಲಿ ನಾವು ಶಾಲೆ ಸೇರುವಷ್ಟರಲ್ಲಿ ಜಗಲಿಯ ಕರಿಹಲಗೆಯ ಮೇಲೆ ‘ಮಾನವನು ಚಂದ್ರನನ್ನು ಮುಟ್ಟಿದ ಸಂತೋಷಕ್ಕಾಗಿ ಇಂದು ಶಾಲೆಗೆ ರಜೆ’ ಎಂದು ಯಾರೋ ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಚಿಕ್ಕ ತರಗತಿಯವರು ಅದನ್ನು ನಂಬಿ, ಹೋ ಎಂದು ಕೂಗುತ್ತ ಕೊಡೆಗಳನ್ನು ಬಿಚ್ಚಿ ಹೊರಟೇಬಿಟ್ಟರು. ಅವರನ್ನು ರಸ್ತೆಯಿಂದ ಮರಳಿ ಕರೆತಂದವರು ನಮ್ಮ ಮಾಸ್ತರರೇ. ಒದ್ದೆ ಪಂಚೆಯಲ್ಲಿಯೇ ಅವರು ನಮ್ಮ ತರಗತಿಗೆ ಬಂದು, ಆ ಸಾಲನ್ನು ಹಲಗೆಯ ಮೇಲೆ ಹಾಗೆಯೇ ಬರೆದು, “ಬರೆದವನು ಯಾರೆಂದು ನಾನು ಕೇಳುವುದಿಲ್ಲ. ಇದು ಸುಳ್ಳೆಂದು ಹೇಗೆ ಸಾಧಿಸುತ್ತೀರಿ, ಹೇಳಿ ನೋಡುವಾ” ಎಂದರು. ಜವಾನ ನೋಟೀಸು ಪುಸ್ತಕ ತರಲಿಲ್ಲ ಎಂದ ಒಬ್ಬ. ಹೆಡ್‌ಮಾಸ್ತರರ ಸಹಿಯಿಲ್ಲ, ತಾರೀಕಿಲ್ಲ ಎಂದ ಮತ್ತೊಬ್ಬ. ಜಗಲಿಯ ಹಲಗೆಯಲ್ಲಿ ಬರಹವು ತೀರ ಕೆಳಗಿದೆ, ದೊಡ್ಡವರು ನಿಂತು ಬರೆದರೆ ಅಷ್ಟು ಕೆಳಗೆ ಬರೆಯುವುದಿಲ್ಲ ಎಂದು ಹೇಳಿದವನು ನಾನು. ಮಾಸ್ತರರು ನನ್ನ ಕಡೆ ನೋಡಿ, “ಇದು ಇತಿಹಾಸಕಾರನ ಕಣ್ಣು” ಎಂದರು. ಮುಂದೆ ನಾನು ವಕೀಲನಾಗಿ, ಜಮೀನಿನ ವ್ಯಾಜ್ಯಗಳಲ್ಲಿ ಹಳೆಯ ಕಾಗದಪತ್ರಗಳ ನಿಜಸುಳ್ಳನ್ನು ಬಿಡಿಸಿ ತೋರಿಸುವವನೆಂದು ನ್ಯಾಯಾಲಯದಲ್ಲಿ ತಕ್ಕಮಟ್ಟಿಗೆ ಹೆಸರು ಪಡೆದೆನಾದರೆ, ಅದರ ಮೊದಲ ಪಾಠ ಆ ದಿನದ್ದು. ಬರೆದವನು ಯಾರೆಂಬುದು ನಮಗೆ ತಿಳಿದದ್ದು ಇತ್ತೀಚಿನ ಸಹಪಾಠಿಗಳ ಕೂಟದಲ್ಲಿ. ಈಗ ಮೊಮ್ಮಕ್ಕಳಿರುವ ಆ ಗೆಳೆಯ ಎದ್ದು ನಿಂತು ಹೆಮ್ಮೆಯಿಂದಲೇ ಒಪ್ಪಿಕೊಂಡ.

ಅದೇ ಅವಧಿಯಲ್ಲಿ ಮಾಸ್ತರರು ಇನ್ನೊಂದು ಸುದ್ದಿಯನ್ನೂ ಎತ್ತಿಕೊಂಡರು. ಹಿಂದಿನ ಶನಿವಾರ, ಜುಲೈ 19ರಂದು, ಸರಕಾರವು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತ್ತು. ಅವುಗಳಲ್ಲೊಂದಾದ ಕೆನರಾ ಬ್ಯಾಂಕು, ಸುಬ್ಬರಾವ್ ಪೈಯವರು 1906ರಲ್ಲಿ ಸ್ಥಾಪಿಸಿದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ನಿಂದ ಬೆಳೆದದ್ದು. ಶಾಲೆ ಮೊದಲು, ಹದಿನೈದು ವರ್ಷಗಳ ಬಳಿಕ ಹಣದ ಸಂಸ್ಥೆ. ಈ ಕ್ರಮವನ್ನು ಮರೆಯಬೇಡಿರೆಂದು ಅವರು ಒತ್ತಿ ಹೇಳಿದರು. ಮತ್ತೆ ಮೂರೇ ವರ್ಷಗಳಲ್ಲಿ, 1909ರಲ್ಲಿ, ಪೈಯವರು ತೀರಿಕೊಂಡರು. ಬಳಿಕ ಹಲಗೆಯ ಮೇಲೆ ಹಳೆಯ ಕೆನರಾ ಜಿಲ್ಲೆಯ ನಕ್ಷೆ ಮೂಡಿತು: 1799ರಲ್ಲಿ ಟಿಪ್ಪುವಿನ ಪತನದ ನಂತರ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದದ್ದು, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋದದ್ದು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು. ತುಂಡಾದ ಆ ನಾಡಿನ ಹೆಸರನ್ನು ನಮ್ಮ ಶಾಲೆ ಇಡಿಯಾಗಿ ಉಳಿಸಿಕೊಂಡಿದೆ ಎಂದು ಅವರು ಹೇಳಿದಾಗ ತರಗತಿ ಚಂದ್ರನನ್ನು ಮರೆತಿತ್ತು. ಆ ವರ್ಷದ ಪಠ್ಯದಲ್ಲಿ ಏನಿತ್ತೆಂಬುದು ನನಗೆ ನೆನಪಿಲ್ಲ.

ಇಂದಿನ ಮಕ್ಕಳು ನಮಗಿಂತ ಚುರುಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇತಿಹಾಸವನ್ನು ಒಂದಂಕದ ಪ್ರಶ್ನೆಗಳಾಗಿ ಕತ್ತರಿಸಿ, ಗೈಡಿನಲ್ಲಿ ಕಟ್ಟಿಕೊಟ್ಟು, ಶೇಕಡಾ ನೂರರ ಫಲಿತಾಂಶಕ್ಕಾಗಿ ಉರು ಹೊಡೆಯಿಸುವ ವ್ಯವಸ್ಥೆಯಲ್ಲಿ, ಮೊಬೈಲಿಗೆ ಬಂದ ಸಹಿಯಿಲ್ಲದ, ತಾರೀಕಿಲ್ಲದ ಬರಹದ ಮುಂದೆ ಕ್ಷಣಕಾಲ ನಿಂತು ಪ್ರಶ್ನೆ ಕೇಳಲು ಅವರಿಗೆ ಯಾರು ಕಲಿಸುತ್ತಾರೆ? ಅಧ್ಯಾಪಕರನ್ನು ನಾನು ದೂರಲಾರೆ. ಪಾಠ ಮುಗಿಸುವ ಧಾವಂತದಲ್ಲಿ ಅವರಿಗೆ ಅಂಥ ಒಂದು ಸೋಮವಾರವನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹವಿದೆ. ನಮ್ಮ ನಮ್ಮ ಮನೆಗಳ ಕಪಾಟಿನಲ್ಲಿರುವ ಹಳೆಯ ಅಂಕಪಟ್ಟಿ, ಫೀಸಿನ ರಶೀದಿ, ತರಗತಿಯ ಭಾವಚಿತ್ರ, ಹಿರಿಯರ ಪತ್ರಗಳನ್ನು ಶಾಲೆಗೆ ತಂದುಕೊಡೋಣ. ಕೊಟ್ಟವರು ಯಾರು, ಕಾಗದ ಯಾವ ವರ್ಷದ್ದು, ಕೈಬರಹ ಯಾರದು ಎಂಬುದನ್ನು ಒಂಬತ್ತನೆಯ ತರಗತಿಯವರು ವಿಚಾರಿಸಿ ದಾಖಲಿಸಲಿ. ಕರಾವಳಿಯ ತೇವವೂ ಗೆದ್ದಲೂ ಕಾಯುವುದಿಲ್ಲವಾದ್ದರಿಂದ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕೆಲಸ ಆರಂಭವಾಗಬೇಕು. ಸ್ಕ್ಯಾನಿಂಗ್ ಯಂತ್ರದ ವೆಚ್ಚವನ್ನು ನಾನು ವಹಿಸಿಕೊಳ್ಳುತ್ತೇನೆ. ಮಾಸ್ತರರು ನಮ್ಮ ಮನೆಗಳ ಮಾತುಗಳನ್ನು ಬರೆದಿಟ್ಟ ಪುಸ್ತಕಗಳನ್ನು ಕೊಡಲು ಅವರ ಮಗಳು ಒಪ್ಪಿದ್ದಾರೆ.