ರೇಸ್ ಬುಕ್ಕಲ್ಲಿ ಓದಿದ ಹೆಸರು

ಎಂ.ಎ.ಎಂ. ರಾಮಸ್ವಾಮಿ ಅನ್ನೋ ಹೆಸರನ್ನ ನಾನು ಮೊದಲು ಓದಿದ್ದು ನಮ್ಮ ಅಣ್ಣಾಮಲೈ ಯೂನಿವರ್ಸಿಟೀಲಲ್ಲ, ಬೆಂಗಳೂರಿನ ರೇಸ್ ಬುಕ್ಕಲ್ಲಿ. ನಮ್ಮ ಮಾಮ, ಅಂದ್ರೆ ಅಮ್ಮನ ತಮ್ಮ, ಹೈಗ್ರೌಂಡ್ಸ್ ರೇಸ್ ಕೋರ್ಸಿನ ಟೋಟ್ ಕೌಂಟರಲ್ಲಿ, ಅಂದ್ರೆ ಕುದುರೆ ಮೇಲೆ ಬಾಜಿ ಕಟ್ಟೋ ಕಡೆ, ಟಿಕೆಟ್ ಕೊಡೋ ಕೆಲಸಕ್ಕೆ ಹೋಗ್ತಿದ್ರು, ರೇಸ್ ಇರೋ ದಿನ ಮಾತ್ರ, ಬಾಕಿ ದಿನ ಒಂದು ಅಂಗಡೀಲಿ ಲೆಕ್ಕ ಬರೀತಿದ್ರು. ಸಂಜೆ ಮನೆಗೆ ಬರೋವಾಗ ಮಡಚಿದ ರೇಸ್ ಬುಕ್ ಜೇಬಲ್ಲಿರೋದು. ನಾನು ಇಂಗ್ಲಿಷ್ ಓದೋದು ಕಲಿತಿದ್ದರಲ್ಲಿ ಅರ್ಧ ಆ ಪುಸ್ತಕದಿಂದ್ಲೇ ಅನ್ಬೇಕು: ಕುದುರೆ ಹೆಸರು, ಅದರ ಅಪ್ಪ ಅಮ್ಮನ ಹೆಸರು, ತೂಕ, ಜಾಕಿ, ಟ್ರೇನರ್, ಮಾಲೀಕರು. ಮಾಲೀಕರ ಕಾಲಮ್ಮಲ್ಲಿ ಎಂ.ಎ.ಎಂ. ಹೆಸರು ಎಷ್ಟು ಸಲ ಬರ್ತಿತ್ತು ಅಂದ್ರೆ, "ಮಾಮ, ಇವರೊಬ್ಬರೇನಾ ಊರಿನ ಕುದುರೇನೆಲ್ಲ ಸಾಕೋದು?" ಅಂತ ಕೇಳಿದ್ದೆ. "ಮದ್ರಾಸಿನೋರು ಕಣೋ, ಚೆಟ್ಟಿನಾಡ್ ರಾಜರ ಮನೆತನ, ಸಿಮೆಂಟ್ ಫ್ಯಾಕ್ಟರಿ ಇದೆ" ಅಂದ್ರು ಮಾಮ.

1983ರಲ್ಲಿ ಇಂಜಿನಿಯರಿಂಗ್‌ಗೆ ಅಣ್ಣಾಮಲೈಗೆ ಸೇರಿದೆ. ತಿರುವಣ್ಣಾಮಲೈ ದಾರೀಲಿ ರಾತ್ರಿಯೆಲ್ಲ ಬಸ್ಸು, ಬೆಳಗ್ಗೆ ಚಿದಂಬರಂ. ಆ ದೊಡ್ಡ ಕ್ಯಾಂಪಸ್ಸು, ಸಿ.ಪಿ. ರಾಮಸ್ವಾಮಿ ಅಯ್ಯರ್ ಲೈಬ್ರರಿ, ಶಾಸ್ತ್ರಿ ಹಾಲ್, ಹಾಸ್ಟೆಲ್ಲಿನ ಸಾಂಬಾರು, ಅದನ್ನೆಲ್ಲ ನಮ್ಮ ಹಳೇ ವಿದ್ಯಾರ್ಥಿಗಳ ಈ ಸಂಚಿಕೆಗೆ ಬೇರೆಯವರು ಬರೆದೇ ಬರೀತಾರೆ ಬಿಡಿ. ನಾನು ಹೇಳೋಕೆ ಹೊರಟಿದ್ದು ಬೇರೆ. 1929ರಲ್ಲಿ ಯೂನಿವರ್ಸಿಟಿ ಕಟ್ಟಿದ ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರ್ ಅವರ ಮಗ ರಾಜಾ ಸರ್ ಮುತ್ತಯ್ಯ ಚೆಟ್ಟಿಯಾರ್ ಆಗ ಪ್ರೋ ಚಾನ್ಸಲರ್, ಅಂದ್ರೆ ಚಾನ್ಸಲರ್ ನಂತರದ ಸ್ಥಾನ. ನನ್ನ ಮೊದಲ ವರ್ಷ ಮುಗಿಯೋ ಹೊತ್ತಿಗೆ, 1984ರಲ್ಲಿ, ಅವರು ತೀರ್ಕೊಂಡ್ರು, ಆ ಜಾಗಕ್ಕೆ ಅವರ ಮಗ ಬರ್ತಾರೆ ಅಂತ ಸುದ್ದಿ. ಮಗನ ಹೆಸರು ಕೇಳಿದ್ರೆ ಎಂ.ಎ.ಎಂ. ರಾಮಸ್ವಾಮಿ! ಹಾಸ್ಟೆಲ್ಲಲ್ಲಿ ತಮಿಳು ಹುಡುಗರಿಗೆ ಅವರು ಚಿನ್ನ ರಾಜ, ಅಂದ್ರೆ ಚಿಕ್ಕ ರಾಜ, ಸ್ಥಾಪಕರ ಮೊಮ್ಮಗ. ನನಗೋ ಅವರು ಮಾಮನ ರೇಸ್ ಬುಕ್ಕಿನವರು. ಆ ರಾತ್ರಿನೇ ಇನ್ಲ್ಯಾಂಡ್ ಲೆಟರ್ ಬರೆದು ಹಾಕಿದೆ. ಮಾಮನ ಉತ್ತರ ಒಂದೇ ಸಾಲು: "ಕುದುರೇನ ಅಷ್ಟು ಚೆನ್ನಾಗಿ ನೋಡ್ಕೊಳ್ಳೋರು ನಿಮ್ಮನ್ನೂ ನೋಡ್ಕೋತಾರೆ, ನೀನು ಓದ್ಕೋ."

ರೇಸ್ ಅಂದ ತಕ್ಷಣ ಜೂಜು, ಮನೆ ಹಾಳು ಅಂತಾನೇ ನಮ್ಮ ಕಡೆ ಮಾತು. ನೆಂಟರ ಮದುವೇಲಿ ಮಾಮ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರೆ ಅಮ್ಮ ಅಂಗಡಿ ಲೆಕ್ಕದ್ದು ಮಾತ್ರ ಹೇಳೋರು. ರೇಸಿಂದ ಮನೆ ಕಳ್ಕೊಂಡೋರನ್ನ ನಾನೂ ಕಣ್ಣಾರೆ ನೋಡಿದೀನಿ, ಅದನ್ನ ಸಣ್ಣದು ಅಂತ ಹೇಳಲ್ಲ. ಆದ್ರೆ ಕುದುರೆ ಸಾಕೋರ ಲೋಕ ಬೇರೆ. ಒಂದು ಮರಿ ತಗೊಂಡು, ಟ್ರೇನರ್ ಹತ್ರ ಬಿಟ್ಟು, ತಿಂಗಳಾ ತಿಂಗಳಾ ಮೇವು, ಲಾಯ, ಲಾಳ, ಡಾಕ್ಟರು, ಕುದುರೆ ನೋಡ್ಕೊಳ್ಳೋ ಸೈಸ್‌ಗೆ ಸಂಬಳ ಅಂತ ಕೊಡ್ತಾನೇ ಇರ್ಬೇಕು, ಆಮೇಲೆ ಅದು ಓಡುತ್ತೋ ಕಾಲು ನೋಯಿಸ್ಕೊಂಡು ನಿಲ್ಲುತ್ತೋ ದೇವರಿಗೇ ಗೊತ್ತು. ಇದರಲ್ಲೂ ಎಂ.ಎ.ಎಂ. ಮನಸ್ಸಿದ್ದಿದ್ದು ಕ್ಲಾಸಿಕ್ ರೇಸ್ ಮೇಲೆ. ಮಾಮ ಅದನ್ನ ಹೀಗೆ ಬಿಡಿಸಿ ಹೇಳೋರು: ಮಾಮೂಲಿ ರೇಸಲ್ಲಿ ಜೋರಾಗಿ ಓಡೋ ಕುದುರೆ ಮೇಲೆ ಜಾಸ್ತಿ ತೂಕ ಹೇರ್ತಾರೆ, ನಿಧಾನದ್ದಕ್ಕೆ ಕಮ್ಮಿ, ಎಲ್ಲಕ್ಕೂ ಗೆಲ್ಲೋ ಚಾನ್ಸ್ ಇರ್ಲಿ ಅಂತ. ಕ್ಲಾಸಿಕ್ಕಲ್ಲಿ ಆ ಥರ ಹೇರೋದಿಲ್ಲ, ಗಂಡಿಗೆಲ್ಲ ಒಂದೇ ತೂಕ, ಹೆಣ್ಣಿಗೆ ಸ್ವಲ್ಪ ರಿಯಾಯಿತಿ ಅಷ್ಟೇ. ಗಿನೀಸ್ ಅನ್ನೋ ಕ್ಲಾಸಿಕ್ ಆದ್ರೆ 1600 ಮೀಟರ್, ಡರ್ಬಿ 2400 ಮೀಟರ್, ಅಲ್ಲಿ ಗೆಲ್ಬೇಕಂದ್ರೆ ಕುದುರೇಲೇ ದಮ್ಮಿರ್ಬೇಕು. ಬೆಂಗಳೂರು, ಮದ್ರಾಸು, ಊಟಿ, ಹೈದರಾಬಾದ್, ಬಾಂಬೆ, ಒಂದೊಂದು ಸೆಂಟರಿಗೂ ಅದರದ್ದೇ ಕ್ಲಾಸಿಕ್‌ಗಳಿರ್ತವೆ, ಎಲ್ಲಾ ಕಡೆ ಇವರ ಕುದುರೆ ಓಡ್ತಿದ್ವು, ಜೀವಮಾನದಲ್ಲಿ 500ಕ್ಕೂ ಹೆಚ್ಚು ಕ್ಲಾಸಿಕ್ ಗೆದ್ದರು. ಒಂದು ಡರ್ಬಿ ಗೆಲ್ಲೋಕೆ ಇಡೀ ಆಯಸ್ಸು ಕಾದು ಕೂತ ಮಾಲೀಕರಿದ್ದಾರೆ, ಇವರು 500!

ಅದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು, ಯಾಕಂದ್ರೆ ಇಲ್ಲೇ ಇದ್ದ ಟ್ರೇನರ್ ರಶೀದ್ ಬೈರಾಮ್‌ಜಿ ಅವರ ಲಾಯದಲ್ಲಿ ಇವರ ಕುದುರೆ ತಯಾರಾಗ್ತಿದ್ವು. ರಜೆಗೆ ಬಂದಾಗ ಒಂದ್ಸಲ ಮಾಮ ಬೆಳಗಿನ ಜಾವ ನನ್ನನ್ನ ವರ್ಕ್, ಅಂದ್ರೆ ಕುದುರೆಗಳ ಓಟದ ಅಭ್ಯಾಸ, ತೋರ್ಸೋಕೆ ಕರ್ಕೊಂಡು ಹೋಗಿದ್ರು. ಇನ್ನೂ ನಸುಕು, ಮಂಜು, ಕುದುರೆ ಕಾಣೋಕೆ ಮುಂಚೆ ಗೊರಸಿನ ಸದ್ದು ಕೇಳ್ಸುತ್ತೆ, ಆಮೇಲೆ ಬುಸಬುಸ ಉಸಿರು, ಆಮೇಲೆ ಒಂದೇ ಏಟಿಗೆ ಮುಂದೆ ಹಾದು ಹೋಗಿಬಿಡುತ್ತೆ. ಓಡಿ ಬಂದ ಕುದುರೆ ಮೈಯಿಂದ ಹಬೆ ಏಳ್ತಿತ್ತು, ಸೈಸ್ ಒಬ್ಬರು ಅದಕ್ಕೆ ಕಂಬಳಿ ಹೊದಿಸಿ ಮಗು ಜೊತೆ ಮಾತಾಡ್ದಂಗೆ ಮಾತಾಡ್ತಾ ನಡೆಸ್ಕೊಂಡು ಹೋದ್ರು. ಯಾರ ಕುದುರೆ ಅಂತ ಕೇಳಿದ್ದಕ್ಕೆ ಆತ ತಿರುಗಿ ನೋಡಿ "ಎಂ.ಎ.ಎಂ." ಅಂದ, ಅವನ ಸ್ವಂತದ್ದೇ ಅನ್ನೋ ಥರ. ನನಗೆ ಆವತ್ತಾದ ಖುಷಿ ಇವತ್ತಿಗೂ ಹಾಗೇ ಇದೆ.

ಇನ್ನೊಂದು ವಿಷಯ ಬರೀಲೇಬೇಕು. ತಮಿಳುನಾಡು ಸರ್ಕಾರ 1974ರಲ್ಲೇ ಕುದುರೆ ರೇಸ್ ನಿಲ್ಲಿಸೋಕೆ ಕಾನೂನು ತಂದಿತ್ತು, ಆಮೇಲೆ 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನೇ ವಹಿಸ್ಕೊಳ್ಳೋಕೆ ಇನ್ನೊಂದು ಕಾನೂನು. 1777ರಿಂದ ಗಿಂಡಿಯಲ್ಲಿ ಕುದುರೆ ಓಡ್ತಿದ್ದ ಜಾಗ ಅದು, ಎಂ.ಎ.ಎಂ. ಎಷ್ಟೋ ವರ್ಷ ಚೇರ್ಮನ್ ಆಗಿದ್ದ ಕ್ಲಬ್ಬು. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಗಿ 1996ರ ಜನವರೀಲಿ ತೀರ್ಪು ಬಂತು: ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಕುದುರೆಯ ಶಕ್ತಿ, ತರಬೇತಿ, ಜಾಕಿಯ ಕೌಶಲ ಇವೆಲ್ಲ ನಿರ್ಧಾರ ಮಾಡೋ ಸ್ಕಿಲ್ಲಿನ ಆಟ ಅಂತ. ಮಾಮ ಆ ಪೇಪರ್ ಕಟಿಂಗ್ ಕತ್ತರಿಸಿ ಅಮ್ಮನ ಮುಂದೆ ಇಟ್ಟರು. "ನೋಡಕ್ಕಾ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ರೇಸ್ ಕೋರ್ಸಲ್ಲಿ ಕೆಲಸ ಅಂತಾನೇ ಹೇಳು" ಅಂದ್ರು. ಅಮ್ಮ ಏನೂ ಮಾತಾಡ್ಲಿಲ್ಲ, ಆದ್ರೆ ಮುಂದಿನ ಮದುವೇಲಿ ಹಾಗೇ ಹೇಳಿದ್ರು.

ಎಂ.ಎ.ಎಂ. ಹಾಕಿ ಫೆಡರೇಶನ್‌ಗೂ ಅಧ್ಯಕ್ಷರಾಗಿದ್ದವರು, 1975ರಲ್ಲಿ ಕೌಲಾಲಂಪುರದಲ್ಲಿ ಇಂಡಿಯಾ ವರ್ಲ್ಡ್ ಕಪ್ ಗೆದ್ದಿದ್ದು ಅವರ ಕಾಲದಲ್ಲೇ, ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ಟೀಮಲ್ಲಿದ್ರು. 2004ರಲ್ಲಿ ಜೆಡಿಎಸ್‌ನಿಂದ, ಅದೂ ಕರ್ನಾಟಕದಿಂದ, ರಾಜ್ಯಸಭೆಗೂ ಹೋದ್ರು. ರಾಜಕೀಯ ಅವರ ಜಾಗ ಅಂತ ನನಗೆ ಯಾವತ್ತೂ ಅನ್ನಿಸ್ಲಿಲ್ಲ. 2013ರಲ್ಲಿ ಯೂನಿವರ್ಸಿಟೀನ ಸರ್ಕಾರ ವಹಿಸ್ಕೊಂಡಾಗ ನಮ್ಮ ಬ್ಯಾಚಿನವರಲ್ಲಿ ದೊಡ್ಡ ಚರ್ಚೆ ಆಯ್ತು, ಆಡಳಿತದಲ್ಲಿ ತಪ್ಪುಗಳಾಗಿದ್ವು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದ್ರೂ ತಾತ ಕಟ್ಟಿದ ಮನೆ ಕೈಬಿಟ್ಟು ಹೋದಾಗ 80 ದಾಟಿದ್ದ ಆ ಮನುಷ್ಯಂಗೆ ಎಂಥಾ ಸಂಕಟ ಆಗಿರ್ಬೇಕು ಅಂತ ಅವತ್ತು ತುಂಬಾ ಯೋಚನೆ ಬಂತು.

2015ರ ಡಿಸೆಂಬರ್ 2, ಚೆನ್ನೈ ಪೂರ್ತಿ ನೀರಲ್ಲಿ. ಹಿಂದಿನ ರಾತ್ರಿಯಿಂದ ಏರ್‌ಪೋರ್ಟ್ ಬಂದ್, ಫೋನ್ ಸಿಗ್ತಿಲ್ಲ, ಟಿವಿ ತುಂಬ ಅಡ್ಯಾರ್ ನದಿ. ಆ ನದಿ ಸಮುದ್ರ ಸೇರೋ ಹತ್ರಾನೇ ಅವರ ಚೆಟ್ಟಿನಾಡ್ ಹೌಸ್ ಇರೋದು. ಅಂಥ ದಿನ ಅವರು ಹೋದ್ರು. ಮಳೆ ಸುದ್ದಿ ಮಧ್ಯೆ ಒಂದು ಸಾಲು ಹಾದು ಹೋಯ್ತು, ನನಗೆ ಗೊತ್ತಾಗಿದ್ದೂ ಮಾಮನ ಫೋನಿಂದ. ಮಾಮಂಗೆ ಆಗ 70 ದಾಟಿತ್ತು, ಟೋಟ್ ಕೆಲಸ ಬಿಟ್ಟು ವರ್ಷಗಳಾಗಿತ್ತು. "ಕಣೋ, ನಿಮ್ಮ ರಾಜ ಹೋದ್ರಂತೆ" ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುದುರೆಗಳನ್ನ ಎತ್ತರದ ಜಾಗಕ್ಕೆ ಕಟ್ಟಿರ್ತಾರೆ ಅಲ್ವಾ?" ಅಂತ ಕೇಳಿದ್ರು. ಕಟ್ಟಿರ್ತಾರೆ ಮಾಮ ಅಂದೆ.