ಓತಿಗಿಂತ ಮಂದಣ್ಣ

ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಜುಗಾರಿ ಕ್ರಾಸ್’ (1994) ಮತ್ತೆ ಓದಿದೆ. ಏಲಕ್ಕಿ ಮಾರಲು ಹೊರಟ ಸುರೇಶ-ಗೌರಿ ಒಂದೇ ದಿನದೊಳಗೆ ಎಂಥ ಸುಳಿಗೆ ಸಿಕ್ಕಿಕೊಳ್ಳುತ್ತಾರೆ! ಮುಂದೇನು, ಮುಂದೇನು ಅಂತ ಪುಟ ಓಡುತ್ತದೆ. ಆದರೆ ಸುರೇಶ ಎಂಥ ಮನುಷ್ಯ ಅಂತ ಕೇಳಿದರೆ ಸ್ವಲ್ಪ ತಡವರಿಸುತ್ತೇನೆ.

ಅದೇ ‘ಕರ್ವಾಲೊ’ (1980) ನೋಡಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವುದು ಕಥೆ, ಸರಿ. ನೆನಪಲ್ಲಿ ಉಳಿಯುವುದು ಮಾತ್ರ ಮಂದಣ್ಣ. ಜೇನಿನ ಹುಚ್ಚು, ಮದುವೆಯ ಹಂಬಲ, ಊರವರ ಕಣ್ಣಿಗೆ ಸುಮ್ನೆ ಒಬ್ಬ ಉಂಡಾಡಿ. ಅವನಿಲ್ಲದಿದ್ದರೆ ಆ ಓತಿಯ ಬಗ್ಗೆ ನನಗೇನು ಅಷ್ಟು ಆಸೆ ಹುಟ್ಟುತ್ತಿತ್ತು? ಸುರೇಶ, ಮಂದಣ್ಣ ಇಬ್ಬರನ್ನೂ ಬರೆದದ್ದು ಒಂದೇ ಕೈ ಅಲ್ವಾ!

ಹಾಗಂತ ಥ್ರಿಲ್ಲರ್ ಕೀಳು, ಪಾತ್ರದ ಕಾದಂಬರಿ ಮೇಲು ಅನ್ನೋದನ್ನು ನಾನು ಒಪ್ಪಲ್ಲ. ರಾತ್ರಿ ಬಸ್ಸಲ್ಲಿ ನಿದ್ದೆ ಬರದಿದ್ದರೆ ನನಗೆ ಜುಗಾರಿ ಕ್ರಾಸೇ ಬೇಕು.