ಮಡಿಕೆ ಬಿದ್ದ ಜಾಗ

ರೇಷ್ಮೆ ಸೀರೆ ಉಟ್ಟು ಉಟ್ಟು ಹರಿಯುವುದು ಕಡಿಮೆ. ಬೀರುವಿನಲ್ಲಿ ಸುಮ್ನೆ ಇದ್ದು ಹರಿಯುವುದೇ ಜಾಸ್ತಿ. ಅಮ್ಮನ ಧಾರೆ ಸೀರೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಇದು ಕಣ್ಣಿಗೆ ಕಾಣುತ್ತದೆ. ಒಡಲು ಗಟ್ಟಿಯಾಗಿಯೇ ಇದೆ, ಬಣ್ಣವೂ ಮಾಸಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಕಡೆ ಮಡಿಕೆ ಬಿದ್ದ ಗೆರೆಯ ಉದ್ದಕ್ಕೂ ಜರಿ ಕಪ್ಪಾಗಿದೆ, ಎಳೆ ಬಿಟ್ಟಿದೆ, ಎರಡು ಗೆರೆ ಸೇರುವ ಕಡೆ ಸಣ್ಣ ಸಣ್ಣ ತೂತು ಬಿದ್ದಿದೆ. ಅಸಲಿ ಜರಿ ಅಂದರೆ ರೇಷ್ಮೆ ದಾರಕ್ಕೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ನೀರು ಹತ್ತಿಸಿದ್ದು. ರೇಷ್ಮೆ ಬಾಗುತ್ತದೆ. ಲೋಹ ಒಂದೇ ಜಾಗದಲ್ಲಿ ಒತ್ತಡ ಬಿದ್ದಷ್ಟೂ ಮುರಿಯುತ್ತದೆ, ಮುರಿದ ತುದಿ ಪಕ್ಕದ ರೇಷ್ಮೆಯನ್ನು ಕೊಯ್ಯುತ್ತದೆ.

ನಮ್ಮ ದೊಡ್ಡಮ್ಮ ಮೂರು ನಾಲ್ಕು ತಿಂಗಳಿಗೊಮ್ಮೆ ಎಲ್ಲ ಸೀರೆ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕುತ್ತಾರೆ. ಮತ್ತೆ ಮಡಿಸುವಾಗ ಹಳೇ ಗೆರೆ ಬಿಟ್ಟು ಬೇರೆ ಕಡೆ ಮಡಿಸುತ್ತಾರೆ, ಒಂದು ಸಲ ಮೂರು ಪಾಲು, ಇನ್ನೊಂದು ಸಲ ನಾಲ್ಕು ಪಾಲು. "ಮಡಿಕೆ ಮೇಲೆ ಮಡಿಕೆ ಬೀಳಬಾರದು ಕಣೇ" ಅನ್ನುತ್ತಾರೆ. ಆಮೇಲೆ ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯಲ್ಲಿ ಸುತ್ತಿ ಇಡುತ್ತಾರೆ. ಗಂಜಿ ಹಾಕಿದ ಹತ್ತಿ ಸೀರೆಯನ್ನಂತೂ ಗಂಜಿ ಸಮೇತ ವರ್ಷಗಟ್ಟಲೆ ಇಡಲು ಬಿಡುವುದಿಲ್ಲ. ಗಂಜಿ ಇದ್ದರೆ ನೆರಿಗೆ ಚೆಂದ ನಿಲ್ಲುತ್ತದೆ ನಿಜ, ಆದರೆ ಅದೇ ಗಟ್ಟಿತನ ಮಡಿಕೆಯ ಜಾಗದಲ್ಲಿ ಬಟ್ಟೆಯನ್ನು ಮುರಿಯುತ್ತದೆ, ಹುಳವನ್ನೂ ಕರೆಯುತ್ತದೆ.

ಇದನ್ನು ಗಮನಿಸಿದ ಮೇಲೆ ಯಾವುದೇ ಮಡಿಸಿದ ವಸ್ತು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಗೆರೆಯ ಕಡೆಗೇ. ದೊಡ್ಡದನ್ನು ಚಿಕ್ಕದು ಮಾಡುವುದು ಯಾರಿಂದಲೂ ಆಗುತ್ತದೆ. ಮತ್ತೆ ಬಿಚ್ಚಿದಾಗ ಆ ಗೆರೆ ಬದುಕಿರಬೇಕು, ಕೆಲಸ ಇರುವುದು ಅಲ್ಲಿ. ಸೀರೆಯ ನೆರಿಗೆ ನೋಡಿ. ಮುಂದೆ ಸಿಕ್ಕಿಸಿದರೂ ಸರಿ, ಕೊಡಗಿನವರ ಹಾಗೆ ಹಿಂದೆ ಹಿಡಿದರೂ ಸರಿ, ಎಷ್ಟು ಮಡಿಕೆ ಹಾಕಿದರೂ ಸಂಜೆ ಬಿಚ್ಚಿದರೆ ಗುರುತೇ ಇರುವುದಿಲ್ಲ. ಅದು ಬಾಗಿದ್ದಷ್ಟೇ, ಅದರ ಮೇಲೆ ಯಾವ ಭಾರವೂ ಕೂತಿರಲಿಲ್ಲ.

ಜೀವ ಇರುವವು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ. ಬೆಂಗಳೂರಿನ ಹಳೇ ರಸ್ತೆಗಳಲ್ಲಿ ಮಳೆಮರಗಳಿವೆಯಲ್ವಾ, ಸಂಜೆಯಾದರೆ ಅವುಗಳ ಎಲೆ ಜೋಡಿಜೋಡಿಯಾಗಿ ಮಡಿಚಿಕೊಳ್ಳುತ್ತವೆ, ಮೋಡ ಕವಿದರೂ ಮಡಿಚಿಕೊಳ್ಳುತ್ತವೆ. ಹುಣಸೆ ಎಲೆಯೂ ಹಾಗೇ. ದಿನಾ ಮಡಿಚಿ ದಿನಾ ಬಿಚ್ಚಿದರೂ ಎಲೆಯ ಮೇಲೆ ಒಂದು ಗೆರೆ ಬೀಳುವುದಿಲ್ಲ, ಯಾಕೆಂದರೆ ಎಲೆ ಮಡಿಚುವುದೇ ಇಲ್ಲ, ಮಡಿಚುವುದು ಎಲೆಯ ಬುಡದಲ್ಲಿರುವ ಒಂದು ಪುಟ್ಟ ಗಂಟು. ಮುಟ್ಟಿದರೆ ಮುನಿ ಗಿಡದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಒಂದು ಎಲೆಯನ್ನು ತುದಿಯಲ್ಲಿ ಮಾತ್ರ ಮೆಲ್ಲಗೆ ತಾಕಿಸಿ. ಮೊದಲ ಜೋಡಿ ಮುಚ್ಚುತ್ತದೆ, ನಂತರ ಅದರ ಹಿಂದಿನದು, ಹೀಗೆ ಸಾಲಾಗಿ ಬುಡದವರೆಗೆ. ಮುಟ್ಟಿದ ಸುದ್ದಿ ಬಂದ ಕೂಡಲೇ ಆ ಗಂಟಿನ ಒಂದು ಪಕ್ಕದ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು ಹೊರಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ, ಆ ಪಕ್ಕ ಸೊರಗಿ ಎಲೆ ಮಡಿಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರು ವಾಪಸ್ ತುಂಬಿಕೊಂಡು ಎಲೆ ಬಿಚ್ಚುತ್ತದೆ. ಬಿಜಾಗರಿ ಬೇರೆ, ಬಾಗಿಲು ಬೇರೆ.

ಗುಲಗಂಜಿ ಹುಳು, ಅಂದರೆ ಲೇಡಿಬಗ್, ಇನ್ನೂ ಸೋಜಿಗ. ಕೆಂಪು ಬಣ್ಣದ, ಚುಕ್ಕೆಯಿರುವ ಆ ಗಟ್ಟಿ ಚಿಪ್ಪು ಹಾರುವ ರೆಕ್ಕೆಯಲ್ಲ, ಮುಚ್ಚಳ. ಹಾರುವ ರೆಕ್ಕೆ ಅದರ ಅಡಿಯಲ್ಲಿದೆ, ಮೈಗಿಂತ ಉದ್ದ, ತೆಳ್ಳಗಿನ ಪೊರೆ. ಬಿಚ್ಚುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗಿಬಿಡುತ್ತದೆ. ಮಡಿಸುವುದು ಮಾತ್ರ ನಿಧಾನ, ಅದೂ ಮುಚ್ಚಳ ಹಾಕಿಕೊಂಡ ಮೇಲೆ ಒಳಗೆ ನಡೆಯುವ ಕೆಲಸ. ಅದನ್ನು ನೋಡುವುದು ಹೇಗೆ? ಜಪಾನಿನ ಕಜುಯಾ ಸೈತೊ ಮತ್ತು ಜೊತೆಗಾರರು ಒಂದು ಹುಳುವಿನ ಚಿಪ್ಪಿನ ತುಂಡು ತೆಗೆದು, ಆ ಜಾಗಕ್ಕೆ ಅದೇ ಆಕಾರದ ಪಾರದರ್ಶಕ ರಾಳದ ಚಿಪ್ಪು ಅಂಟಿಸಿ ವಿಡಿಯೋ ಮಾಡಿದರು. 2017ರಲ್ಲಿ ಅದು ಪ್ರಕಟವಾಯಿತು. ಹುಳು ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ರೆಕ್ಕೆಯನ್ನು ಚೂರುಚೂರೇ ಒಳಗೆ ಎಳೆದುಕೊಳ್ಳುತ್ತದೆ. ರೆಕ್ಕೆಯ ನರ ಮಡಿಕೆಯ ಜಾಗದಲ್ಲಿ ಮುರಿಯದೆ ಬಾಗುತ್ತದೆ, ಬಿಟ್ಟ ಕೂಡಲೇ ತಾನೇ ನೆಟ್ಟಗಾಗುತ್ತದೆ. ಉಕ್ಕಿನ ಅಳತೆ ಟೇಪು ಬಾಗಿ ಚಟ್ಟನೆ ನೇರ ಆಗುತ್ತದಲ್ಲ, ಅದೇ ಕ್ರಮ.

ಕಿತ್ತ ಎಲೆಗೆ ಈ ಸೌಕರ್ಯ ಇಲ್ಲ. ಹಸಿ ಬಾಳೆ ಎಲೆಯನ್ನು ಹಾಗೇ ಮಡಿಸಿ ಬುತ್ತಿ ಕಟ್ಟಿದರೆ ನರದ ಗುಂಟ ಸೀಳುತ್ತದೆ, ಸಾರು ಚೀಲಕ್ಕೆ ಇಳಿಯುತ್ತದೆ. ಅದಕ್ಕೇ ಕೆಂಡದ ಮೇಲೆ ಬಾಡಿಸುವುದು. ಎಲೆಯನ್ನು ಬೆಂಕಿಗೆ ತಾಕಿಸದೆ ಮೇಲಿಂದ ಮೆಲ್ಲಗೆ ಎಳೆದರೆ ಬಣ್ಣ ಓಡುವುದು ಕಾಣುತ್ತದೆ, ತಿಳಿ ಹಸಿರು ಹೋಗಿ ಎಣ್ಣೆ ಸವರಿದಂಥ ಕಡು ಹಸಿರು. ಅಷ್ಟಾದರೆ ಸಾಕು, ಬಟ್ಟೆಯ ಹಾಗೆ ಮಡಿಚಬಹುದು.

ಕರಾವಳಿಯ ಅಡುಗೆಮನೆಗಳಲ್ಲಿ ಇದು ದೊಡ್ಡ ವಿದ್ಯೆ. ಅಷ್ಟಮಿಗೆ ಕೊಟ್ಟೆ ಕಡುಬು ಮಾಡುವಾಗ ನಾಲ್ಕು ಹಲಸಿನ ಎಲೆ ಸಾಕು. ತುದಿಗಳು ನಡುವೆ ಒಂದರ ಮೇಲೊಂದು ಬರುವ ಹಾಗೆ ಕೂಡಿಸಿ, ಹಿಡಿಸೂಡಿಯ (ತೆಂಗಿನ ಕಡ್ಡಿ ಪೊರಕೆಯ) ಕಡ್ಡಿ ಚೂರು ಚುಚ್ಚಿ, ಆಮೇಲೆ ಅಕ್ಕಪಕ್ಕದ ಎಲೆಗಳನ್ನು ಮೇಲಕ್ಕೆತ್ತಿ ಅಂಚಿಗೆ ಅಂಚು ಸೇರಿಸಿ ಇನ್ನೊಂದೊಂದು ಕಡ್ಡಿ. ಕೊಟ್ಟೆ ರೆಡಿ, ಹಿಟ್ಟು ಹೊಯ್ದರೆ ಸೋರುವುದಿಲ್ಲ. ಹಲಸಿನ ಎಲೆ ದಪ್ಪ, ಪೂರ್ತಿ ಮಡಿಸಿದರೆ ಚಟ್ ಅಂತ ಮುರಿಯುತ್ತದೆ, ಹಾಗಾಗಿ ಅದನ್ನು ಎಲ್ಲೂ ಪೂರ್ತಿ ಮಡಿಸುವುದೇ ಇಲ್ಲ, ಬಾಗಿಸಿ ಕಡ್ಡಿಯಲ್ಲಿ ನಿಲ್ಲಿಸುತ್ತಾರೆ. ಹಿಟ್ಟು ಹೊಯ್ದು ಬೇಯಿಸುವ ಮೂಡೆಗೆ ಬಳಸುವ ಮುಂಡುಕದ (ಕೇದಗೆ ಜಾತಿಯ ಗಿಡದ) ಓಲಿಯ, ಅಂದರೆ ಉದ್ದ ಎಲೆಯ, ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತುತ್ತಾರೆ. ನಾಗರಪಂಚಮಿಗೆ ಅರಿಶಿನ ಎಲೆ ಕಡುಬಾದರೆ ಎಲೆಯ ನಡು ನರದ ಉದ್ದಕ್ಕೇ ಮಡಿಕೆ, ಎಲೆಯೇ ಹಾಕಿಕೊಟ್ಟ ಗೆರೆ ಅದು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಮೇಲೇ ತಲೆಗೆ ಹಾಕುವ ಮುಟ್ಟಾಳೆ ಮಾಡಲು ಬರುವುದು. ಒಂದೊಂದು ಎಲೆಯೂ ಎಷ್ಟರ ಮಟ್ಟಿಗೆ ಬಗ್ಗುತ್ತದೆ, ಎಲ್ಲಿ ಬಗ್ಗುತ್ತದೆ ಅಂತ ಯಾರೋ ಕೈಯಾರೆ ನೋಡಿ ನೋಡಿ ಗೊತ್ತುಮಾಡಿದ್ದಾರೆ. ನನಗೆ ಇದರ ಬಗ್ಗೆ ತುಂಬಾ ಗೌರವ.

ಇನ್ನು ಕಾಗದ. ಮನೆಯ ಹಳೇ ಕ್ರಯಪತ್ರ ತೆಗೆದು ನೋಡಿ. ಅಡ್ಡ ಒಂದು, ಉದ್ದ ಒಂದು ಮಡಿಕೆ, ಎರಡೂ ಕೂಡುವ ಜಾಗದಲ್ಲಿ ತೂತು ಬಿದ್ದು ಚೆಕ್ಕುಬಂದಿಯ ಒಂದು ಅಕ್ಷರವೇ ಹೋಗಿರುತ್ತದೆ. ಸೀರೆಯಲ್ಲಿ ಕಂಡದ್ದೇ ಇಲ್ಲೂ. ಕಾಗದವನ್ನು ಏಳು ಸಲಕ್ಕಿಂತ ಜಾಸ್ತಿ ಅರ್ಧಕ್ಕೆ ಮಡಿಸೋಕಾಗಲ್ಲ ಅನ್ನುತ್ತಾರಲ್ವಾ, 2002ರಲ್ಲಿ ಅಮೆರಿಕದ ಹೈಸ್ಕೂಲ್ ಹುಡುಗಿ ಬ್ರಿಟ್ನಿ ಗ್ಯಾಲಿವನ್ ಬಲು ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಿಸಿ ಅದು ಸುಳ್ಳು ಅಂತ ತೋರಿಸಿದಳು. ಪ್ರತಿ ಸಲವೂ ದಪ್ಪ ಎರಡರಷ್ಟಾಗುತ್ತದೆ, ಬಾಗುವ ತಿರುವಿನಲ್ಲೇ ಒಂದಷ್ಟು ಕಾಗದ ಖರ್ಚಾಗುತ್ತದೆ. ಆ ಖರ್ಚಿನ ಲೆಕ್ಕಕ್ಕೆ ಅವಳು ಸೂತ್ರವನ್ನೂ ಬರೆದಳು.

ಗೆರೆ ಕೂಡುವ ಜಾಗ ಹರಿಯುತ್ತದೆ ಅನ್ನುವ ಸಮಸ್ಯೆಗೆ ಜಪಾನಿನ ಕೊರ್ಯೊ ಮಿಯುರ ಕಂಡುಕೊಂಡ ದಾರಿ ಚೆಂದ. ಅಡ್ಡ ಮತ್ತು ಉದ್ದ ಗೆರೆಗಳು ನೇರವಾಗಿ ಕತ್ತರಿಸದೆ ಸ್ವಲ್ಪ ಓರೆಯಾಗಿ, ಅಂಕುಡೊಂಕಾಗಿ ಸಾಗುವ ಹಾಗೆ ಮಡಿಸುವುದು. ಆಗ ಮಡಿಕೆಗಳು ಒಂದರ ಮೇಲೊಂದು ಸರಿಯಾಗಿ ಬೀಳುವುದಿಲ್ಲ, ಒತ್ತಡ ಒಂದೇ ಬಿಂದುವಿಗೆ ಬೀಳುವುದಿಲ್ಲ. ಎದುರುಬದುರು ಎರಡು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಂದೇ ಏಟಿಗೆ ಬಿಚ್ಚುತ್ತದೆ. 1995ರಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಎಂಬ ಉಪಗ್ರಹದಲ್ಲಿ ಸೌರಫಲಕವನ್ನು ಹೀಗೇ ಮಡಿಸಿ ಕಳಿಸಿ ಅಂತರಿಕ್ಷದಲ್ಲಿ ಬಿಚ್ಚಿದರು. ದೊಡ್ಡಮ್ಮನಿಗೆ ಈ ವಿಷಯ ಹೇಳಿದಾಗ ಅವರು ಅಚ್ಚರಿಪಡಲಿಲ್ಲ, "ಮತ್ತೆ, ಮಡಿಕೆ ಮೇಲೆ ಮಡಿಕೆ ಬಿದ್ರೆ ಹೇಗೆ" ಅಂದರು.

ಕಾಗದ ಮನೆಮನೆಗೆ ಬರುವ ಮೊದಲು ನಮ್ಮಲ್ಲಿ ಬರೆಯುತ್ತಿದ್ದದ್ದು ಓಲೆಗರಿ ಮೇಲೆ. ತಾಳೆ ಎಲೆ ಹುಟ್ಟುವಾಗಲೇ ಬೀಸಣಿಗೆಯಂತೆ ಮಡಿಚಿಕೊಂಡು ಬರುತ್ತದೆ, ಆದರೆ ಒಣಗಿದ ಗರಿಯನ್ನು ಮಡಿಸಿದರೆ ಮುರಿಯಿತು ಅಂತಲೇ. ಅದಕ್ಕೆ ಮಡಿಸುವ ಗೋಜಿಗೇ ಹೋಗದೆ ತೂತು ಕೊರೆದು ದಾರ ಪೋಣಿಸಿದರು. ಮಡಿಸುವ ಪುಸ್ತಕ ಬೇಕಾದವರು ಬಟ್ಟೆ ಹಿಡಿದರು, ಅದೇ ಕಡತ. ಈಗ ಕಡತ ಅಂದರೆ ಆಫೀಸಿನ ಫೈಲು, ನಾನು ಹೇಳುತ್ತಿರುವುದು ಹಳೇ ಕಡತ. ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿದ ಮೇಲೆ ಕತ್ತರಿಸದೆ ಸಮ ಅಳತೆಗೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಮಡಿಸಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುವುದು ಬಳಪದಲ್ಲಿ. ಕಪ್ಪು ಬಟ್ಟೆ, ಬಿಳಿ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಮೈಸೂರು ಇತಿಹಾಸದ ಪುಸ್ತಕದಲ್ಲಿ ಈ ಕಡತವನ್ನು ಕಣ್ಣಾರೆ ಕಂಡಂತೆ ವಿವರಿಸಿದ್ದಾನೆ. ಬಟ್ಟೆಯ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಮೈಸೂರು ಸೀಮೆಯ ವರ್ತಕರು, ಅಂಗಡಿಯವರು ಎಲ್ಲರೂ ಆಗ ಇದರಲ್ಲೇ ಲೆಕ್ಕ ಬರೆಯುತ್ತಿದ್ದರು. ಸರ್ಕಾರಿ ಲೆಕ್ಕಕ್ಕೆ ಇದು ಬೇಡ ಅಂತ ಟಿಪ್ಪು ಸುಲ್ತಾನ್ ನಿಲ್ಲಿಸಿದ್ದನ್ನೂ ವಿಲ್ಕ್ಸ್ ಬರೆಯುತ್ತಾನೆ. ಒರೆಸಿ ತಿದ್ದುವುದು ಸುಲಭ ಅನ್ನುವುದನ್ನು ಒಪ್ಪಿಕೊಂಡೇ, ಬಾಳಿಕೆಯಲ್ಲಿ ಒಳ್ಳೆಯ ಕಾಗದವೂ ಇದರ ಮುಂದೆ ನಿಲ್ಲದು, ಕಲ್ಲು ಮತ್ತು ತಾಮ್ರ ಮಾತ್ರ ಇದಕ್ಕಿಂತ ಗಟ್ಟಿ ಅನ್ನುತ್ತಾನೆ. ನನಗೆ ಅವನ ಮಾತು ಸರಿ ಅನಿಸುತ್ತದೆ. ಬಟ್ಟೆಯ ಎಳೆ ಮಡಿಕೆಯಲ್ಲಿ ಬಾಗುತ್ತದೆ, ಅಂಟು ಬಿರುಕು ಬಿಟ್ಟರೂ ಅಡಿಯ ಎಳೆ ಹಿಡಿದಿರುತ್ತದೆ. ಅಡ್ಡ ಮಡಿಕೆ ಮಾತ್ರ, ಉದ್ದಕ್ಕೆ ಇಲ್ಲ, ಹಾಗಾಗಿ ಗೆರೆ ಗೆರೆ ಕೂಡುವ ಜಾಗವೇ ಇಲ್ಲ. ಶೃಂಗೇರಿ ಮಠದ ಕಡತಗಳು ಈಗಲೂ ಇವೆ. ಆ ಸೀಮೆಯ ಲೆಕ್ಕಪತ್ರ, ಭೂಮಿ, ಪತ್ರವ್ಯವಹಾರ ತಿಳಿಯಲು ಇತಿಹಾಸಕಾರರು ಅವುಗಳನ್ನು ಓದುತ್ತಾರೆ.

ಮಲೆನಾಡಿನಲ್ಲೋ ಹಳೇ ಮೈಸೂರಿನಲ್ಲೋ ಹಿರಿಯರ ಮನೆಯ ಅಟ್ಟದಲ್ಲಿ, ಮರದ ಪೆಟ್ಟಿಗೆಯಲ್ಲಿ ಎರಡು ಹಲಗೆಯ ನಡುವೆ ಮಡಿಚಿದ ಕಪ್ಪು ಬಟ್ಟೆ ಸಿಕ್ಕರೆ, ದಯವಿಟ್ಟು ಚೊಕ್ಕ ಮಾಡುವ ಆಸೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಒಣ ಬಟ್ಟೆಯೂ ಬೇಡ, ಬಳಪದ ಅಕ್ಷರ ಎದ್ದುಹೋಗುತ್ತದೆ. ಎಳೆದು ಚಾಚಬೇಡಿ. ಧೂಳು ಇರುವ ಹಾಗೇ ಒಂದೊಂದೇ ಮಡಿಕೆ ಬಿಡಿಸಿ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಎರಡೂ ಬದಿ ತೆಗೆಯಿರಿ, ಮೊದಲಿದ್ದ ಗೆರೆಯಲ್ಲೇ ಮಡಿಸಿ ಇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ರಾಜ್ಯ ಪತ್ರಾಗಾರ ಇಲಾಖೆಗೋ ಹಳೇ ಬರಹ ಓದಬಲ್ಲ ಹತ್ತಿರದ ಮೇಷ್ಟ್ರಿಗೋ ಒಮ್ಮೆ ತೋರಿಸಿ.